ಆಯ್ಲರ್ ಮತ್ತು ನನ್ನ ಜೋಕಾಲಿ ಪಾಠ

ಬೋಧನಾಭ್ಯಾಸದ ಮೂರನೇ ವಾರ. ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಚಲನೆಯ ಪಾಠ ಮಾಡುತ್ತಿದ್ದೆ. ಬೋಧನೋಪಕರಣವೆಂದು ನಾನೇ ಬರೆದ ಚಿಕ್ಕ ಕಂಪ್ಯೂಟರ್ ಪ್ರೋಗ್ರಾಂ: ಪರದೆಯ ಮೇಲೆ ಪಂಚಮಿ ಜೋಕಾಲಿ ತೂಗಬೇಕು. ತೂಗಿತು. ಆದರೆ ಪ್ರತಿ ಸಲವೂ ಮೊದಲಿಗಿಂತ ಮೇಲೆ ಹೋಗಿ, ಕೊನೆಗೆ ಕೊಂಬೆಯನ್ನೇ ಸುತ್ತು ಹಾಕಿತು. ಯಾರೂ ಜೀಕದೆ ಅದು ಹೇಗೆ ಏರುತ್ತದೆಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ನನಗೆ ಗೊತ್ತಿರಲಿಲ್ಲ. ಮಾರ್ಗದರ್ಶಕರು ನನ್ನ ಪಾಠ ಯೋಜನೆಯ ಕೆಳಗೆ ಆ ಪ್ರಶ್ನೆಯನ್ನಷ್ಟೇ ಬರೆದು ಸಹಿ ಹಾಕಿದರು.

ಉತ್ತರ ಹುಡುಕುತ್ತ ಹೋದಾಗ ಸಿಕ್ಕವರು ಲಿಯೊನಾರ್ಡ್ ಆಯ್ಲರ್. 1707ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿದರು. ತಂದೆ ಪಾದ್ರಿ, ಮಗನೂ ಪಾದ್ರಿಯಾಗಲಿ ಎಂಬ ಆಸೆ. ಗಣಿತಜ್ಞ ಯೋಹಾನ್ ಬರ್ನೂಲಿ ಈ ಹುಡುಗನಿಗೆ ಪ್ರತ್ಯೇಕ ಪಾಠ ಹೇಳಲು ಒಪ್ಪಲಿಲ್ಲ. ಕಠಿಣ ಪುಸ್ತಕಗಳ ಹೆಸರು ಹೇಳಿ, ಓದಿ ತಿಳಿಯದ್ದನ್ನು ಮಾತ್ರ ವಾರಕ್ಕೊಂದು ಮಧ್ಯಾಹ್ನ ಬಂದು ಕೇಳಲು ಹೇಳಿದರು. ನಮ್ಮ ಬೋಧನಾ ವಿಧಾನಗಳ ಪತ್ರಿಕೆಯಲ್ಲಿ ಇದಕ್ಕೆ ಏನು ಹೆಸರೋ, ನನಗಂತೂ ಅಸೂಯೆಯಾಯಿತು.

1727ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್, 1741ರಿಂದ ಬರ್ಲಿನ್, 1766ರಲ್ಲಿ ಮತ್ತೆ ಪೀಟರ್ಸ್‌ಬರ್ಗ್. ಮೂವತ್ತರ ಆಸುಪಾಸಿನಲ್ಲೇ ಬಲಗಣ್ಣು ಹೋಗಿತ್ತು. ರಷ್ಯಕ್ಕೆ ಮರಳಿದ ಮೇಲೆ ಎಡಗಣ್ಣೂ ಮಂಜಾಯಿತು. 1771ರಲ್ಲಿ ಮನೆ ಸುಟ್ಟಿತು. ಅದೇ ವರ್ಷ ಶಸ್ತ್ರಚಿಕಿತ್ಸೆಯಿಂದ ಕೆಲಕಾಲ ಮರಳಿದ ದೃಷ್ಟಿ ಮತ್ತೆ ಹೋಯಿತು. ಬರವಣಿಗೆ ನಿಲ್ಲಲಿಲ್ಲ, ಮಗ ಮತ್ತು ಶಿಷ್ಯರು ಹೇಳಿದ್ದನ್ನು ಬರೆದುಕೊಂಡರು. ಬೀಜಗಣಿತದ ಪುಸ್ತಕವನ್ನು ಹೊಲಿಗೆ ಕಲಿತಿದ್ದ ಒಬ್ಬ ಆಳಿಗೆ ಹೇಳಿ ಬರೆಸಿದರಂತೆ. ಬರೆದು ಮುಗಿಸುವಷ್ಟರಲ್ಲಿ ಅವನೇ ಲೆಕ್ಕ ಬಿಡಿಸುತ್ತಿದ್ದನಂತೆ.

ನನ್ನ ಜೋಕಾಲಿಯ ಮೂಲ 1768ರಲ್ಲಿ ಅಚ್ಚಾದ ಅವರ ಕಲನಶಾಸ್ತ್ರದ ಗ್ರಂಥದಲ್ಲಿತ್ತು. ಕ್ಷಣಕ್ಷಣಕ್ಕೂ ಬದಲಾಗುವ ವೇಗವನ್ನು ಒಂದು ಚಿಕ್ಕ ಅವಧಿಯವರೆಗೆ ಬದಲಾಗದೆಂದು ಭಾವಿಸಿ ಒಂದು ಹೆಜ್ಜೆ ಇಡು. ಅಲ್ಲಿ ನಿಂತು ಮತ್ತೆ ಲೆಕ್ಕ ಹಾಕು. ವಿಡಿಯೋ ಗೇಮಿನಲ್ಲಿ ಚೆಂಡು ಪುಟಿಯುವುದರ ಹಿಂದೆಯೂ ಇದೇ ಯುಕ್ತಿ. ಕಲ್ಲೊಂದನ್ನು ಕೈಬಿಟ್ಟರೆ, ಗುರುತ್ವ ವೇಗೋತ್ಕರ್ಷ 10 ಎಂದಿಟ್ಟುಕೊಂಡರೆ, ಒಂದು ಸೆಕೆಂಡಿಗೆ 5 ಮೀಟರ್ ಬೀಳಬೇಕು. ಅರ್ಧ ಸೆಕೆಂಡಿನ ಹೆಜ್ಜೆಗಳಲ್ಲಿ ಲೆಕ್ಕ ಹಾಕಿದರೆ 2.5 ಬರುತ್ತದೆ, 0.1 ಸೆಕೆಂಡಿನ ಹೆಜ್ಜೆಗಳಲ್ಲಿ 4.5. ಹೆಜ್ಜೆ ಚಿಕ್ಕದಾದಷ್ಟೂ ನಿಜಕ್ಕೆ ಹತ್ತಿರ, ಆದರೆ ಲೆಕ್ಕ ಹೆಚ್ಚು. ಶಾಲೆಯ ಹಳೆಯ ಕಂಪ್ಯೂಟರ್ ತೆವಳುತ್ತದೆಂದು ನಾನು ದೊಡ್ಡ ಹೆಜ್ಜೆ ಇಟ್ಟಿದ್ದೆ. ಜೋಕಾಲಿಯಲ್ಲಿ ಆ ತಪ್ಪು ಹೆಜ್ಜೆಹೆಜ್ಜೆಗೂ ಇಲ್ಲದ ಶಕ್ತಿಯನ್ನು ಸೇರಿಸುತ್ತ ಹೋಗುತ್ತದೆ.

ನಂತರದವರು ಕಂಡುಕೊಂಡ ಪರಿಹಾರ ಬಹಳ ಅಗ್ಗದ್ದು. ಹಳೆಯ ವೇಗದಿಂದ ಸ್ಥಾನ ಬದಲಿಸುವ ಬದಲು, ಮೊದಲು ವೇಗವನ್ನು ಬದಲಿಸಿ, ಆ ಹೊಸ ವೇಗದಿಂದ ಸ್ಥಾನವನ್ನು ಬದಲಿಸುವುದು. ಎರಡು ಸಾಲುಗಳ ಅದಲುಬದಲು, ಅಷ್ಟೇ. ಒಂದು ಗುಣಾಕಾರವೂ ಹೆಚ್ಚಿಲ್ಲ.

1783ರ ಸೆಪ್ಟೆಂಬರ್ 18ರಂದು ಆಯ್ಲರ್ ಮೊಮ್ಮಗನಿಗೆ ಗಣಿತ ಹೇಳಿಕೊಟ್ಟರು, ಬಲೂನುಗಳ ಚಲನೆಯ ಲೆಕ್ಕ ಮಾಡಿದರು, ಆಗಷ್ಟೇ ಪತ್ತೆಯಾಗಿದ್ದ ಯುರೇನಸ್‌ನ ಕಕ್ಷೆಯ ಬಗ್ಗೆ ಮಾತಾಡಿದರು. ಅಂದೇ ತೀರಿಕೊಂಡರು.

ಮರುವಾರ ಅದೇ ತರಗತಿಗೆ ಹೋಗಿ, ಮೊದಲು ನನ್ನ ತಪ್ಪನ್ನು ಕಪ್ಪುಹಲಗೆಯ ಮೇಲೆ ಬರೆದು, ಆಮೇಲೆ ಜೋಕಾಲಿ ತೋರಿಸಿದೆ. ಈ ಸಲ ಅದು ಮೇರೆ ಮೀರಲಿಲ್ಲ. ಆ ಹುಡುಗಿ ತುಸು ಹೊತ್ತು ನೋಡಿ, ತಮ್ಮೂರ ಜೋಕಾಲಿ ಜೀಕದಿದ್ದರೆ ನಿಂತುಬಿಡುತ್ತದೆ, ಇದು ಯಾಕೆ ನಿಲ್ಲುತ್ತಿಲ್ಲ ಎಂದು ಕೇಳಿದಳು. ಘರ್ಷಣೆಯ ಪಾಠ ಯೋಜನೆ ಬರೆಯುತ್ತಿದ್ದೇನೆ.