ಗಣಿತಸಾರಸಂಗ್ರಹದ ಮಹಾವೀರಾಚಾರ್ಯರು

ಭಗವಾನ್ ಮಹಾವೀರಸ್ವಾಮಿಯ ನಾಮಧೇಯವನ್ನೇ ಧರಿಸಿ, ಆ ಸ್ವಾಮಿಗೇ ವಂದಿಸಿ ಗಣಿತಗ್ರಂಥವನ್ನು ಆರಂಭಿಸಿದ ಮಹನೀಯರು ಮಹಾವೀರಾಚಾರ್ಯರು. ಕ್ರಿ.ಶ. 814ರಿಂದ 878ರವರೆಗೆ ಮಾನ್ಯಖೇಟದಲ್ಲಿ ರಾಜ್ಯವಾಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದವರು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಆ ರಾಜಧಾನಿ. ಆಚಾರ್ಯರು ತಮ್ಮ ಕೃತಿಯಲ್ಲಿ ದೊರೆಯನ್ನು ಕೊಂಡಾಡಿದರು, ಗಣಿತವನ್ನು ಕೊಂಡಾಡಿದರು. ತಮ್ಮ ಕುಲಗೋತ್ರಗಳನ್ನು ಮಾತ್ರ ಹೇಳಿಕೊಳ್ಳಲಿಲ್ಲ. ಪಾಕಶಾಸ್ತ್ರ, ವೈದ್ಯ, ನಾಟಕ, ವಾಸ್ತುವಿದ್ಯೆಗಳೆಲ್ಲಕ್ಕೂ ಗಣಿತವೇ ಆಧಾರವೆಂಬುದು ಅವರ ಮತ.

ಅವರಿಗಿಂತ ಮೊದಲು ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಷಗ್ರಂಥಗಳ ಒಳಗೆ ಇರಿಸಿದ್ದರು. ಆಚಾರ್ಯರು ಗಣಿತಕ್ಕೆಂದೇ ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. ಅದರ ಕ್ಷೇತ್ರಗಣಿತ ಪ್ರಕರಣ ವಿಶೇಷ ರಮ್ಯವಾದುದು. ತ್ರಿಭುಜ, ಚತುರ್ಭುಜಗಳಷ್ಟೇ ಅಲ್ಲ. ಜವೆಗೋದಿಯ ಕಾಳು, ಮೃದಂಗ, ವಜ್ರ, ಶಂಖಗಳ ಆಕಾರದ ಕ್ಷೇತ್ರಗಳಿಗೂ ಅಲ್ಲಿ ಅಳತೆಯುಂಟು. ಪ್ರತಿಫಲವನ್ನು ವ್ಯಾವಹಾರಿಕವೆಂದೂ ಸೂಕ್ಷ್ಮವೆಂದೂ ಎರಡು ಬಗೆಯಾಗಿ ಹೇಳುವುದು ಅವರ ಕ್ರಮ. ಹತ್ತು ಮೊಳ ವ್ಯಾಸದ ವೃತ್ತಕ್ಕೆ ವ್ಯವಹಾರದಲ್ಲಿ ಪರಿಧಿ 30 ಮೊಳ. ಸೂಕ್ಷ್ಮದಲ್ಲಿ ಹತ್ತರ ವರ್ಗಮೂಲದಿಂದ ಗುಣಿಸಬೇಕಾದ್ದರಿಂದ ಸುಮಾರು 31.62. ಇಂದಿನ ಲೆಕ್ಕ 31.42. ತಕ್ಕಡಿ ಹಿಡಿದವರಿಗೆ ಈ ಎರಡು ಅಳತೆಗಳ ಭೇದವನ್ನು ವಿವರಿಸಬೇಕಾಗಿಲ್ಲ! ನೀಳವಾದ ಆಯತವೃತ್ತದ ಪರಿಧಿಗೂ ಅವರು ಸೂತ್ರವಿತ್ತರು. ಉದ್ದ 36, ಅಗಲ 12 ಆದರೆ ಅದರಿಂದ ಸುಮಾರು 77.8 ಬರುತ್ತದೆ, ನಿಜವಾದದ್ದು ಸುಮಾರು 80.2. ನೂರಕ್ಕೆ ಮೂರರಷ್ಟು ಮಾತ್ರ ಕಡಿಮೆ.

ಪೂಜ್ಯರೆಂದು ಅವರ ತಪ್ಪನ್ನು ಮುಚ್ಚುವುದು ಸಲ್ಲದು. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆಂದು ಅವರು ಬರೆದರು, ಅದು ಸರಿಯಲ್ಲ. ಆದರೆ ಋಣಸಂಖ್ಯೆ ಯಾವುದರ ವರ್ಗವೂ ಅಲ್ಲದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ನುಡಿದವರೂ ಅವರೇ. ಅಂಥ ಮೂಲಗಳಿಗೆ ಯೂರೋಪಿನ ಗಣಿತಜ್ಞರು ಬೇರೊಂದು ಬಗೆಯ ಸಂಖ್ಯೆಯನ್ನೇ ಕಲ್ಪಿಸಿಕೊಂಡದ್ದು ಹದಿನಾರನೆಯ ಶತಮಾನದಲ್ಲಿ.

ಗ್ರಂಥವು ಹನ್ನೊಂದನೆಯ ಶತಮಾನದಲ್ಲಿಯೇ ಪಾವುಲೂರಿ ಮಲ್ಲನನಿಂದ ತೆಲುಗಿಗೆ ಬಂದಿತು. ಬಹುಕಾಲ ಓಲೆಗರಿಗಳಲ್ಲಿಯೇ ಉಳಿದಿದ್ದ ಮೂಲವನ್ನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಅಚ್ಚು ಹಾಕಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು.