ನ್ಯಾಯಮೂರ್ತಿ ಸೈಯದ್ ಫಜಲ್ ಅಲಿ

ಪ್ರತಿ ವರ್ಷ ನವೆಂಬರ್ 1ರಂದು ರಾಜ್ಯೋತ್ಸವ ಭಾಷಣಗಳಲ್ಲಿ ಫಜಲ್ ಅಲಿ ಆಯೋಗದ ಹೆಸರು ಬರುತ್ತದೆ. ಪರೀಕ್ಷೆಯಲ್ಲಿ ಅದು ಒಂದು ಅಂಕದ ಪ್ರಶ್ನೆಯೂ ಹೌದು. ಆದರೆ ಆಯೋಗಕ್ಕೆ ಹೆಸರು ಕೊಟ್ಟ ಮನುಷ್ಯ ಯಾರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅವರು ಬರೆದ ಒಂದು ತೀರ್ಪಿನ ಬಗ್ಗೆ ಓದಿದ ಮೇಲೆ, ಅವರನ್ನು ಒಂದು ಅಂಕಕ್ಕೆ ಬಿಟ್ಟುಬಿಡುವುದು ಸರಿಯಲ್ಲ ಎಂದು ನನಗೆ ಅನ್ನಿಸಿತು.

ಸೈಯದ್ ಫಜಲ್ ಅಲಿ 1886ರ ಸೆಪ್ಟೆಂಬರ್ 19ರಂದು ಜನಿಸಿದರು. ಕಾನೂನು ಓದಿ ಬಿಹಾರದಲ್ಲಿ ವಕೀಲರಾದರು. ಪಾಟ್ನಾ ಹೈಕೋರ್ಟಿನ ನ್ಯಾಯಾಧೀಶರಾಗಿ, 1943ರಲ್ಲಿ ಅಲ್ಲಿನ ಮುಖ್ಯ ನ್ಯಾಯಮೂರ್ತಿಯಾದರು. 1946ರಲ್ಲಿ ನೌಕಾಪಡೆಯ ನಾವಿಕರು ಬ್ರಿಟಿಷರ ವಿರುದ್ಧ ಬಂಡೆದ್ದಾಗ ಅದರ ಕಾರಣ ತಿಳಿಯಲು ನೇಮಿಸಿದ ವಿಚಾರಣಾ ಆಯೋಗಕ್ಕೂ ಅವರೇ ಅಧ್ಯಕ್ಷರು. 1950ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆರಂಭವಾದಾಗ ಅದರ ಮೊದಲ ನ್ಯಾಯಾಧೀಶರಲ್ಲಿ ಅವರೂ ಒಬ್ಬರು.

ಸಂವಿಧಾನ ಜಾರಿಗೆ ಬಂದು ಕೆಲವೇ ವಾರಗಳಾಗಿದ್ದವು. ಕೇರಳದ ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ 1947ರ ಡಿಸೆಂಬರ್‌ನಿಂದ ಜೈಲಿನಲ್ಲಿದ್ದರು. ಫೆಬ್ರವರಿಯಲ್ಲಿ ಸಂಸತ್ತು ಮುನ್ನೆಚ್ಚರಿಕೆ ಬಂಧನ ಕಾಯ್ದೆಯನ್ನು ಮಾಡಿತು. ಮಾರ್ಚ್ 1ರಂದು, ಜೈಲಿನಲ್ಲೇ ಇದ್ದ ಗೋಪಾಲನ್ ಅವರಿಗೆ ಆ ಕಾಯ್ದೆಯ ಪ್ರಕಾರ ಹೊಸ ಬಂಧನದ ಆದೇಶ ಕೊಟ್ಟರು. ಇಂಥ ಬಂಧನಕ್ಕೆ ಅಪರಾಧ ನಡೆದಿರಬೇಕಾಗಿಲ್ಲ. ಮುಂದೆ ಏನಾದರೂ ಮಾಡಬಹುದು ಎಂಬ ಸರ್ಕಾರದ ಅನುಮಾನವೇ ಸಾಕು.

ಇಂಥ ಹೊತ್ತಿನಲ್ಲಿ ವಕೀಲರ ಕೈಯಲ್ಲಿರುವ ಸಾಧನ ಹೇಬಿಯಸ್ ಕಾರ್ಪಸ್ ಅರ್ಜಿ. ಕನ್ನಡದಲ್ಲಿ ಬಂದಿ ಪ್ರತ್ಯಕ್ಷೀಕರಣ ಎನ್ನುತ್ತಾರೆ. ಹಿಡಿದಿಟ್ಟವರನ್ನು ನ್ಯಾಯಾಲಯದ ಮುಂದೆ ತನ್ನಿ, ಯಾವ ಕಾನೂನಿನ ಪ್ರಕಾರ ಇಟ್ಟಿದ್ದೀರಿ ತೋರಿಸಿ ಎಂದು ಕೇಳುವ ಅರ್ಜಿ ಅದು. 32ನೇ ವಿಧಿಯಂತೆ ಸುಪ್ರೀಂ ಕೋರ್ಟಿಗೂ 226ನೇ ವಿಧಿಯಂತೆ ಹೈಕೋರ್ಟಿಗೂ ಸಲ್ಲಿಸಬಹುದು. ಕೈದಿಗೆ ಹೊರಗೆ ಬರಲು ಆಗುವುದಿಲ್ಲವಲ್ಲ, ಅದಕ್ಕೇ ಅವನ ಪರವಾಗಿ ಮನೆಯವರು ಅಥವಾ ಸ್ನೇಹಿತರೂ ಸಲ್ಲಿಸಬಹುದು. ಬಂಧನ ಸರಿ ಎಂದು ತೋರಿಸುವ ಹೊಣೆ ಹಿಡಿದಿಟ್ಟವರದು. ವಕೀಲರು ಬಂಧನದ ಆದೇಶವನ್ನು ಸಾಲು ಸಾಲಾಗಿ ನೋಡುತ್ತಾರೆ: ಸಹಿ ಮಾಡಿದವರಿಗೆ ಅಧಿಕಾರವಿತ್ತೇ, ಕಾರಣ ತಿಳಿಸಿದ್ದಾರೆಯೇ, ಕಾಲಮಿತಿ ಮೀರಿದೆಯೇ, ಆ ಕಾಯ್ದೆಯೇ ಸಂವಿಧಾನಕ್ಕೆ ಒಪ್ಪುತ್ತದೆಯೇ. ಒಂದು ಕಡೆ ತಪ್ಪು ಸಿಕ್ಕರೂ ಬಾಗಿಲು ತೆರೆಯಬಹುದು. ವಕೀಲ, ಅರ್ಜಿ, ಕೈದಿ, ಜಾಮೀನು, ಈ ಪದಗಳೆಲ್ಲ ನಮ್ಮ ಮನೆಯ ಉರ್ದುವಿನಲ್ಲೂ ಕಾಲೇಜಿನ ಕನ್ನಡದಲ್ಲೂ ಒಂದೇ. ಆದ್ದರಿಂದ ಈ ವಿಷಯ ಓದುವಾಗ ನನಗೆ ನಿಘಂಟು ಅಷ್ಟಾಗಿ ಬೇಕಾಗಲಿಲ್ಲ.

ಗೋಪಾಲನ್ ಪರವಾಗಿ ವಾದಿಸಿದವರು ಎಂ. ಕೆ. ನಂಬಿಯಾರ್. ಮಂಗಳೂರಿನಲ್ಲಿ ವಕೀಲಿ ನಡೆಸಿ ನಂತರ ಮದರಾಸಿಗೆ ಹೋದವರು. ಎದುರಿಗೆ ಕೇಂದ್ರದ ಅಟಾರ್ನಿ ಜನರಲ್ ಎಂ. ಸಿ. ಸೆತಲ್ವಾಡ್. ಸಂವಿಧಾನ ಹೊಸದು, ಹಿಂದಿನ ತೀರ್ಪು ಎಂಬುದೇ ಇಲ್ಲ. 21ನೇ ವಿಧಿಯಲ್ಲಿ ಕಾನೂನು ವಿಧಿಸಿದ ಕ್ರಮ ಎಂದರೆ ಸಂಸತ್ತು ಬರೆದ ಯಾವುದೋ ಒಂದು ಕ್ರಮವಲ್ಲ, ಅದು ನ್ಯಾಯವಾದ ಕ್ರಮವಾಗಿರಬೇಕು ಎಂದು ನಂಬಿಯಾರ್ ವಾದಿಸಿದರು. ಜೈಲಿಗೆ ಹಾಕಿದರೆ 19ನೇ ವಿಧಿ ಕೊಟ್ಟ ಓಡಾಟದ ಸ್ವಾತಂತ್ರ್ಯವೂ ಹೋಗುತ್ತದೆ, ಆದ್ದರಿಂದ ಆ ವಿಧಿಯ ಪರೀಕ್ಷೆಯನ್ನೂ ಕಾಯ್ದೆ ಪಾಸು ಮಾಡಬೇಕು ಎಂದರು.

1950ರ ಮೇ 19ರಂದು ತೀರ್ಪು ಬಂತು. ಆರು ನ್ಯಾಯಾಧೀಶರಲ್ಲಿ ನಾಲ್ವರು ಅರ್ಜಿಯನ್ನು ತಳ್ಳಿಹಾಕಿದರು. ಫಜಲ್ ಅಲಿ ಮತ್ತು ಮೆಹರ್ ಚಂದ್ ಮಹಾಜನ್ ಇಬ್ಬರು ಮಾತ್ರ ಬಂಧನ ಸರಿಯಲ್ಲ ಎಂದರು. ಸಲಹಾ ಮಂಡಳಿಗೆ ಒಪ್ಪಿಸದೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳಲು ಬಿಡುವ 12ನೇ ಸೆಕ್ಷನ್ ಸಿಂಧುವಲ್ಲ ಎಂಬುದು ಇಬ್ಬರ ಅಭಿಪ್ರಾಯ. ಫಜಲ್ ಅಲಿ ಇನ್ನೂ ಮುಂದೆ ಹೋದರು. ಮೂಲಭೂತ ಹಕ್ಕುಗಳು ಬೇರೆ ಬೇರೆ ಪೆಟ್ಟಿಗೆಗಳಲ್ಲ, ಒಂದಕ್ಕೊಂದು ಹೆಣೆದುಕೊಂಡಿವೆ ಎಂದರು. ಒಬ್ಬರ ಸ್ವಾತಂತ್ರ್ಯ ಕಿತ್ತುಕೊಳ್ಳುವ ಮುನ್ನ ತಿಳಿವಳಿಕೆ ಕೊಡಬೇಕು, ಅವರ ಮಾತು ಕೇಳಬೇಕು, ಕೇಳುವವರು ಪಕ್ಷಪಾತವಿಲ್ಲದವರಾಗಿರಬೇಕು ಎಂದರು. ಹಕ್ಕುಗಳ ಈ ಹೆಣಿಗೆಯ ಮಾತಿನಲ್ಲಿ ಅವರು ಒಬ್ಬರೇ.

ಇಲ್ಲಿ ನನಗೆ ಒಂದು ಪ್ರಶ್ನೆ ಬಂತು. ಗೋಪಾಲನ್ ಬಿಡುಗಡೆಯಾಗಲಿಲ್ಲ. ಹಾಗಾದರೆ ಆ ವಾದದಿಂದ, ಆ ಭಿನ್ನ ತೀರ್ಪಿನಿಂದ ಲಾಭವೇನು? ನಮ್ಮ ಲೆಕ್ಕಶಾಸ್ತ್ರದ ಕಣ್ಣಿನಿಂದ ನೋಡಿದರೆ ಅದು ನಷ್ಟದ ಖಾತೆಯೇ. ಆದರೆ ಪೂರ್ತಿ ಓದಿದರೆ ಜಮೆ ಬದಿಯಲ್ಲೂ ಒಂದು ನಮೂದು ಇದೆ. ಬಂಧನದ ಕಾರಣಗಳನ್ನು ಕೈದಿ ನ್ಯಾಯಾಲಯಕ್ಕೂ ತಿಳಿಸಬಾರದು ಎನ್ನುತ್ತಿದ್ದ 14ನೇ ಸೆಕ್ಷನ್ನನ್ನು ಆರೂ ನ್ಯಾಯಾಧೀಶರು ಸೇರಿ ರದ್ದು ಮಾಡಿದರು. ಕಾರಣವನ್ನೇ ತೋರಿಸಲಾಗದಿದ್ದರೆ ಯಾವ ವಕೀಲರು ತಾನೇ ಏನು ವಾದಿಸಲು ಸಾಧ್ಯ? ಮುಂದೆ ಬಂಧಿತರಾದ ಎಲ್ಲರಿಗೂ ಆ ಬಾಗಿಲು ತೆರೆದೇ ಉಳಿಯಿತು. ಗೋಪಾಲನ್ ಅವರೂ 1952ರಲ್ಲಿ ಮೊದಲ ಲೋಕಸಭೆಗೆ ಆರಿಸಿ ಬಂದರು.

ಉಳಿದ ಲಾಭ ಬರಲು 20 ವರ್ಷ ಬೇಕಾಯಿತು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದದ್ದನ್ನು ವಾಣಿಜ್ಯ ವಿಭಾಗದ ನಾವೆಲ್ಲ ಓದಿದ್ದೇವೆ. ನಮ್ಮ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಅದರಲ್ಲಿದ್ದವು. ಅದನ್ನು ಪ್ರಶ್ನಿಸಿ ಷೇರುದಾರ ಆರ್. ಸಿ. ಕೂಪರ್ ಹೂಡಿದ ಮೊಕದ್ದಮೆಯಲ್ಲಿ, 1970ರಲ್ಲಿ, ಹಕ್ಕುಗಳನ್ನು ಬೇರೆ ಬೇರೆಯಾಗಿ ನೋಡುವ ಹಳೆಯ ಬಹುಮತದ ವಾದವನ್ನು ಸುಪ್ರೀಂ ಕೋರ್ಟ್ ಕೈಬಿಟ್ಟಿತು. ದಾರಿ ನೇರವಾಗಿರಲಿಲ್ಲ. 1976ರಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯೇ ನಡೆಯುವುದಿಲ್ಲ ಎಂದು ಬಹುಮತದ ತೀರ್ಪು ಬಂತು. ಆಗ ಒಂಟಿಯಾಗಿ ನಿಂತವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ, ಕಾನೂನಿನ ಕ್ರಮ ನ್ಯಾಯಯುತವಾಗಿರಲೇಬೇಕು ಎಂದು ಏಳು ನ್ಯಾಯಾಧೀಶರ ಪೀಠ ತೀರ್ಮಾನಿಸಿತು. ಆ ಪೀಠದಲ್ಲಿ ಕುಳಿತಿದ್ದವರಲ್ಲಿ ಒಬ್ಬರು ಸೈಯದ್ ಮುರ್ತಜಾ ಫಜಲ್ ಅಲಿ, ಇವರ ಮಗ. ತಂದೆಯ ಮಾತು ದೇಶದ ಕಾನೂನಾಗುವುದನ್ನು ನೋಡಲು ತಂದೆ ಇರಲಿಲ್ಲ.

ಇನ್ನು ಎಲ್ಲರಿಗೂ ಗೊತ್ತಿರುವ ಆಯೋಗ. 1953ರ ಡಿಸೆಂಬರ್‌ನಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಎಚ್. ಎನ್. ಕುಂಜ್ರು, ಕೆ. ಎಂ. ಪಣಿಕ್ಕರ್ ಸದಸ್ಯರು. ಮೂವರೂ ದೇಶ ಸುತ್ತಿ ಸಾವಿರಾರು ಜನರ ಮಾತು ಕೇಳಿದರು. ತಮಗೆ ಬಿಹಾರದ ಜೊತೆ ಹಳೆಯ ಸಂಬಂಧವಿದೆ ಎಂದು, ಬಿಹಾರದ ಗಡಿ ವಿವಾದಗಳ ತೀರ್ಮಾನದಿಂದ ಫಜಲ್ ಅಲಿ ತಾವೇ ದೂರ ಉಳಿದರು. ಹಿಮಾಚಲ ಪ್ರದೇಶವನ್ನು ಪಂಜಾಬಿಗೆ ಸೇರಿಸಬೇಕೆಂದು ಉಳಿದಿಬ್ಬರು ಹೇಳಿದಾಗ ಅವರು ಬೇಡ ಎಂದು ಬೇರೆ ಟಿಪ್ಪಣಿ ಬರೆದರು. ಹಿಮಾಚಲ ಬೇರೆಯಾಗಿಯೇ ಉಳಿಯಿತು, 1971ರಲ್ಲಿ ರಾಜ್ಯವೂ ಆಯಿತು. 1955ರ ಸೆಪ್ಟೆಂಬರ್‌ನಲ್ಲಿ ವರದಿ ಕೊಟ್ಟರು. ಮುಂದಿನ ವರ್ಷ ನವೆಂಬರ್ 1ರಂದು ಮುಂಬೈ, ಹೈದರಾಬಾದ್, ಮದರಾಸು ರಾಜ್ಯಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡು ಮೈಸೂರು, ಕೊಡಗಿನೊಂದಿಗೆ ಒಂದಾಯಿತು.

ಒಡಿಶಾ, ನಂತರ ಅಸ್ಸಾಂ ರಾಜ್ಯಪಾಲರಾಗಿದ್ದ ಅವರು 1959ರ ಆಗಸ್ಟ್ 22ರಂದು, ಅಧಿಕಾರದಲ್ಲಿರುವಾಗಲೇ ತೀರಿಕೊಂಡರು.

ಪಿಯುಸಿ ಮುಗಿಸಿ ಐದು ವರ್ಷದ ಕಾನೂನು ಪದವಿಗೆ ವಾಣಿಜ್ಯದವರೂ ಸೇರಬಹುದು. ಸೇರದವರೂ ಒಂದು ಮಾತು ತಿಳಿದಿರಬೇಕು. ಸಾಮಾನ್ಯ ಬಂಧನದಲ್ಲಿ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಕಾರಣ ತಿಳಿಸಬೇಕು, ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು. ಇದು 22ನೇ ವಿಧಿಯಲ್ಲಿದೆ. ಅದನ್ನು ಮನೆಯಲ್ಲಿ ಹಿರಿಯರಿಗೆ ಅವರ ಭಾಷೆಯಲ್ಲೇ ಹೇಳಿ ತಿಳಿಸುವ ಕೆಲಸ ನಾವು ಇವತ್ತೇ ಮಾಡಬಹುದು.