ಸಕಲ ಸಂತರ ಹಬ್ಬದಂದು ಅಗಲಿದ ಫಾದರ್ ಮುಲ್ಲರ್

ನವೆಂಬರ್ ಬಂದರೆ ಪುತ್ತೂರು, ಸುಳ್ಯ, ಕಡಬದ ಚರ್ಚುಗಳ ಸ್ಮಶಾನಗಳಿಗೆ ಕಳೆ ಬರುತ್ತದೆ. ಮಳೆಗಾಲದಲ್ಲಿ ಎದೆಮಟ್ಟ ಬೆಳೆದ ಹುಲ್ಲನ್ನು ಕೆತ್ತಿ, ಶಿಲುಬೆಗಳಿಗೆ ಸುಣ್ಣ ಬಳಿದು, 2ನೇ ತಾರೀಕಿನಂದು ಮೇಣದ ಬತ್ತಿ ಹಚ್ಚಿ ಅಗಲಿದವರಿಗಾಗಿ ಪ್ರಾರ್ಥಿಸುತ್ತೇವೆ. ಸಮಾಧಿಗಳ ನಡುವೆ ನಡೆಯುವಾಗ ನನಗೆ ನೆನಪಾಗುವುದು ಇದರ ಹಿಂದಿನ ದಿನವೇ, 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ ಕಣ್ಣು ಮುಚ್ಚಿದ ವಂದನೀಯ ಫಾದರ್ ಆಗಸ್ಟಸ್ ಮುಲ್ಲರ್.

ಅವರು ಹುಟ್ಟಿದ್ದು 1841ರಲ್ಲಿ, ಇಂದಿನ ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ. ಯೇಸುಸಭೆಯ ಗುರುಗಳಾದರು. ಮಂಗಳೂರಿನ ಹೊಣೆಯನ್ನು ಯೇಸುಸಭೆಗೆ ವಹಿಸಿದಾಗ, 1878ರ ಡಿಸೆಂಬರ್ 31ರಂದು ಇಲ್ಲಿಗೆ ಬಂದಿಳಿದ ಮೊದಲ ತಂಡದಲ್ಲಿ ಅವರೂ ಇದ್ದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾದಾಗ ಅಲ್ಲಿ ಪಾಠ ಹೇಳಿದರು. ಆದರೆ ಜನ ಅವರನ್ನು ನೆನಪಿಟ್ಟುಕೊಂಡದ್ದು ಅಧ್ಯಾಪಕರೆಂದಲ್ಲ.

ಅದೇ ವರ್ಷ ಅವರು ಬಡವರಿಗೆ ಹೋಮಿಯೋಪತಿ ಔಷಧ ಕೊಡತೊಡಗಿದರು. ಕಂಕನಾಡಿಯ ಆಲದ ಮರದ ನೆರಳೇ ಅವರ ಆಸ್ಪತ್ರೆಯಾಗಿತ್ತು ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಕೈಯಲ್ಲಿದ್ದುದು ಸಣ್ಣದೊಂದು ಔಷಧ ಪೆಟ್ಟಿಗೆ. ಬಂದವರ ಜಾತಿ ಮತ ಅವರು ಕೇಳಲಿಲ್ಲ.

ಹೆಚ್ಚಿನ ಎದೆಗಾರಿಕೆ ಬೇಕಾದದ್ದು ಮುಂದಿನ ಎರಡು ಕೆಲಸಗಳಿಗೆ. ಕುಷ್ಠರೋಗ ಬಂದವರನ್ನು ಅಂದು ಸ್ವಂತ ಮನೆಯವರೇ ಹೊರಗಟ್ಟುತ್ತಿದ್ದರು. ಅದಕ್ಕೆ ಮದ್ದೂ ಇರಲಿಲ್ಲ. ಬಹು ಔಷಧ ಚಿಕಿತ್ಸೆಯಿಂದ ಪೂರ್ಣವಾಗಿ ಗುಣವಾಗುವ ಕಾಯಿಲೆ ಇದೆಂದು ಇಂದು ನಮಗೆ ಗೊತ್ತಿದೆ. ಅವರಿಗೆ ಆ ಧೈರ್ಯ ಇರಲಿಲ್ಲ. ಆದರೂ 1890ರಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠರೋಗಿಗಳಿಗೆ ಆಸರೆ ತೆರೆದರು. ಗುಣಪಡಿಸಲಾಗದಿದ್ದರೂ ಜತೆಗಿರಬಹುದು ಎಂಬುದನ್ನು ಮಾಡಿ ತೋರಿಸಿದರು. 1902ರಲ್ಲಿ ಪ್ಲೇಗ್ ಬಂದಾಗ ಆ ರೋಗಿಗಳಿಗಾಗಿಯೇ ಆಸ್ಪತ್ರೆ ಕಟ್ಟಿದರು. ಜನ ಊರು ಬಿಟ್ಟು ಓಡುವ ರೋಗಕ್ಕೆ ಅವರು ಬಾಗಿಲು ತೆರೆದಿಟ್ಟರು. ಬ್ರಿಟಿಷ್ ಸರಕಾರ ಅವರಿಗೆ ಕೈಸರ್-ಇ-ಹಿಂದ್ ಪದಕ ನೀಡಿ ಗೌರವಿಸಿತು.

ಅವರು ಕಾಲವಾದ ಮೇಲೂ ಆ ಕೆಲಸ ನಿಲ್ಲಲಿಲ್ಲ. ಮಂಗಳೂರು ಧರ್ಮಪ್ರಾಂತ್ಯದ ಆಶ್ರಯದಲ್ಲಿ ಬೆಳೆದು, 1999ರಲ್ಲಿ ವೈದ್ಯಕೀಯ ಕಾಲೇಜೂ ಆಯಿತು. ಇಂದು ನಮ್ಮ ತಾಲೂಕುಗಳಿಂದ ರೋಗಿಯನ್ನು ಕರೆದುಕೊಂಡು ಬಸ್ಸು ಹತ್ತುವವರು ಮುಲ್ಲರಿಗೆ ಹೋಗುತ್ತೇವೆ ಎನ್ನುತ್ತಾರೆ. ಒಬ್ಬ ಮನುಷ್ಯನ ಹೆಸರೇ ಒಂದು ಸ್ಥಳದ ಹೆಸರಾಗಿದೆ. ಆದರೆ ಆ ಮನುಷ್ಯ ಯಾರೆಂದು ನಮ್ಮ ಮಕ್ಕಳಿಗೆ ನಾವು ಹೇಳಿದ್ದೇವೆಯೇ?

ಇಂದು ಕುಷ್ಠರೋಗ ವಿರಳ. ಆದರೆ ಮನೆಯ ಹಿಂದಿನ ಕೋಣೆಯಲ್ಲಿ ಒಂಟಿಯಾಗಿ ಮಲಗಿರುವ ವೃದ್ಧರು, ದೀರ್ಘ ಕಾಯಿಲೆಯವರು ಪ್ರತಿಯೊಂದು ವಾಳೆಯಲ್ಲೂ ಇದ್ದಾರೆ. ಸತ್ತ ಮೇಲೆ ಸಮಾಧಿಗೆ ಹೂವಿಡುವ ನಾವು ಬದುಕಿರುವಾಗ ಅವರ ಬಳಿ ಹತ್ತು ನಿಮಿಷ ಕುಳಿತಿದ್ದೇವೆಯೇ?

ಈ ನವೆಂಬರಿನಲ್ಲಿ ಸ್ಮಶಾನಕ್ಕೆ ಹೋದಾಗ ಹೆಸರಿಲ್ಲದ, ಯಾರೂ ಬಾರದ ಒಂದು ಸಮಾಧಿಯ ಮೇಲೂ ಬತ್ತಿ ಹಚ್ಚೋಣ. ಹಿಂತಿರುಗುವ ದಾರಿಯಲ್ಲಿ ಒಬ್ಬ ರೋಗಿಯ ಮನೆಗೆ ಹೋಗೋಣ. ಫಾದರ್ ಮುಲ್ಲರರಿಗೆ ನಾವು ಸಲ್ಲಿಸಬಹುದಾದ ಸ್ಮರಣೆ ಇದೇ.